ಲೋಡಿಂಗ್ ಮುಗಿದ ಕೂಡಲೇ ಆಫ್ ಆಗುತ್ತಿದ್ದ ಕಂಪ್ಯೂಟರ್

(ಮೊದಲ ಸಲ ಗೇಮಿಂಗ್ ಪಿಸಿ ಜೋಡಿಸಲು ಹೊರಟವರ ಮುಂದೆ ಮಾತನಾಡಿದ್ದರ ಬರಹ ರೂಪ. ಬೋರ್ಡ್ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಬಹಳ ಜನ ಪಾರ್ಟ್ಸ್ ಪಟ್ಟಿ ಬರೆದುಕೊಂಡೇ ಬಂದಿದ್ದೀರಿ. ಒಮ್ಮೆ ತೆಗೆದು ನೋಡಿ. ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹೊಂದುವ ಹಾಗೆ ಮಾಡಿಕೊಡುವ ಎಸ್‌ಎಂಪಿಎಸ್, ಎಷ್ಟನೇ ಸಾಲಿನಲ್ಲಿದೆ? ಕೊನೆಯದು, ಅಲ್ವಾ? ಕೆಲವರು ಕ್ಯಾಬಿನೆಟ್ ಜೊತೆಗೇ ಬರುತ್ತದೆ ಅಂತ ಅದನ್ನು ಬರೆದೇ ಇಲ್ಲ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಎಲ್ಲದರ ಬಗ್ಗೆ ತಿಂಗಳುಗಟ್ಟಲೆ ಓದಿ, ಹೋಲಿಸಿ, ಕೊನೆಗೆ ಕೈಯಲ್ಲಿ ಉಳಿದ ದುಡ್ಡಿಗೆ ಯಾವುದು ಬಂತೋ ಆ ಎಸ್‌ಎಂಪಿಎಸ್ ತಂದೆ. ಡಬ್ಬದ ಮೇಲೆ ದೊಡ್ಡದಾಗಿ 600 ಅಂತ ಇತ್ತು. ನನ್ನ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ಬೇಕಿದ್ದದ್ದು 350 ವಾಟ್. ಧಾರಾಳವಾಗಿ ಸಾಕು ಅಂದುಕೊಂಡೆ.

ಸಾಕಾಗಲಿಲ್ಲ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ಕಂಪ್ಯೂಟರ್ ಜೋಡಿಸಿ ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಗೇಮ್ ಆಡುವಾಗ ಪಟ್ ಅಂತ ಆಫ್ ಆಯಿತು. ನೀಲಿ ಪರದೆ ಇಲ್ಲ, ಎರರ್ ಇಲ್ಲ, ಏನೂ ಇಲ್ಲ. ಯಾರೋ ಪ್ಲಗ್ ಕಿತ್ತ ಹಾಗೆ. ತಾನೇ ಮತ್ತೆ ಆನ್ ಆಯಿತು. ಕಂಪ್ಯೂಟರ್‌ನಲ್ಲಿ ಆದದ್ದನ್ನೆಲ್ಲ ದಾಖಲಿಸಿಡುವ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ನೋಡಿದರೆ ಕರ್ನಲ್ ಪವರ್ 41 ಅಂತ ಒಂದು ಸಾಲು. ಅದಕ್ಕೆ ಅರ್ಥ ಇಷ್ಟೇ: ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಗಿತ್ತು. ಯಾಕೆ ಅಂತ ಅದು ಹೇಳುವುದಿಲ್ಲ. ಡ್ರೈವರ್ ತೆಗೆದು ಹೊಸದು ಹಾಕಿದೆ. ರ‍್ಯಾಮ್ ಒಂದೊಂದೇ ಕಿತ್ತು ಪರೀಕ್ಷಿಸಿದೆ. ವಿಂಡೋಸ್ ಅನ್ನೇ ಮತ್ತೆ ಹಾಕಿದೆ. ಪವರ್ ಸಪ್ಲೈ ಮೇಲೂ ಅನುಮಾನ ಬಂದಿತ್ತು, ಅದಕ್ಕೇ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಪೂರ್ತಿ ಕೆಲಸ ಕೊಡುವ ಸ್ಟ್ರೆಸ್ ಟೆಸ್ಟ್ ಹಾಕಿ ಒಂದು ಗಂಟೆ ಬಿಟ್ಟೆ. ಒಂದು ಸಲವೂ ಆಫ್ ಆಗಲಿಲ್ಲ. ಹಾಗಾಗಿ ತಪ್ಪು ಪವರ್ ಸಪ್ಲೈದಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ. ಆ ತೀರ್ಮಾನದಿಂದ ಮೂರು ವಾರ ಹಾಳಾಯಿತು.

ಕೊನೆಗೆ ಹಿಡಿದುಕೊಟ್ಟಿದ್ದು ನನ್ನ ತಮ್ಮ. ಅವನಿಗೆ ವಾಟ್ ಆಂಪಿಯರ್ ಏನೂ ಗೊತ್ತಿರಲಿಲ್ಲ, ಸುಮ್ನೆ ಪಕ್ಕದಲ್ಲಿ ಕೂತು ನೋಡುತ್ತಿದ್ದ. "ಅಣ್ಣಾ, ಆಡ್ತಾ ಇರೋವಾಗ ಆಫ್ ಆಗಲ್ಲ ಇದು. ಲೋಡಿಂಗ್ ಮುಗಿದ ಕೂಡಲೇ ಆಗ್ತಿದೆ ನೋಡು" ಅಂದ. ನೋಡಿದರೆ ಹೌದು. ಲೋಡಿಂಗ್ ಪರದೆ ಹೋಗಿ ಆಟದ ದೃಶ್ಯ ಮೂಡುವ ಆ ಒಂದು ಕ್ಷಣದಲ್ಲೇ ಆಗುತ್ತಿತ್ತು. ಫ್ರೇಮ್ ರೇಟನ್ನು, ಅಂದರೆ ಕಾರ್ಡ್ ಸೆಕೆಂಡಿಗೆ ಬಿಡಿಸುವ ಚಿತ್ರಗಳ ಸಂಖ್ಯೆಯನ್ನು, 60ಕ್ಕೆ ಕಟ್ಟಿಹಾಕಿದೆ, ಆಫ್ ಆಗುವುದು ನಿಂತಿತು. ಬಿಟ್ಟೆ, ಮತ್ತೆ ಶುರುವಾಯಿತು.

ಆಗ ಅರ್ಥವಾದದ್ದನ್ನೇ ಇವತ್ತು ನಿಮಗೆ ಹೇಳಲು ಬಂದಿದ್ದೇನೆ. ಪವರ್ ಸಪ್ಲೈ ಆರಿಸುವಾಗ ಕಂಪ್ಯೂಟರ್ ಸರಾಸರಿ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದೊಂದೇ ಸಾಲದು. ತೀರಾ ಕಷ್ಟದ ಕ್ಷಣದಲ್ಲಿ ಎಷ್ಟು ಎಳೆಯುತ್ತದೆ, ಆ ಕ್ಷಣದಲ್ಲಿ ಸಪ್ಲೈ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ನೋಡಬೇಕು.

ಮನೆಯಲ್ಲಿ ನೀರಿನ ಮೋಟಾರ್ ಹಾಕಿದ ಕ್ಷಣ ಬಲ್ಬ್ ಒಮ್ಮೆ ಮಂಕಾಗಿ ಸರಿಹೋಗುವುದನ್ನು ನೋಡಿದ್ದೀರಲ್ಲ. ಮೋಟಾರ್ ಓಡುತ್ತಿರುವಾಗ ಬೇಕಾದದ್ದಕ್ಕಿಂತ ಶುರುವಾಗುವಾಗ ಬೇಕಾದದ್ದು ಬಹಳ ಜಾಸ್ತಿ. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಕಾರಣ ಬೇರೆ, ಆದರೆ ಕಾಣುವುದು ಹೀಗೆಯೇ. ಲೋಡಿಂಗ್ ಪರದೆಯಲ್ಲಿ ಅದು ಹೆಚ್ಚು ಕಡಿಮೆ ಸುಮ್ಮನಿರುತ್ತದೆ. ದೃಶ್ಯ ಬಂದ ಕೂಡಲೇ ಚಿಪ್‌ನೊಳಗಿನ ಸಾವಿರಾರು ಕೋರ್‌ಗಳಿಗೆ ಒಟ್ಟಿಗೇ ಕೆಲಸ ಬೀಳುತ್ತದೆ. ಅದಕ್ಕೆ ತಕ್ಕಂತೆ ಕಾರ್ಡ್ ತನ್ನ ವೇಗವನ್ನು, ವೋಲ್ಟೇಜನ್ನು ಇಳಿಸಿ ಹೊಂದಿಸಿಕೊಳ್ಳುವಷ್ಟರಲ್ಲಿ ಸೆಕೆಂಡಿನ ಬಹಳ ಸಣ್ಣ ಭಾಗವೊಂದು ಕಳೆದಿರುತ್ತದೆ. ಅಷ್ಟು ಹೊತ್ತು, 200 ವಾಟ್ ಅಂತ ಬರೆದಿರುವ ಕಾರ್ಡ್ ಅದಕ್ಕಿಂತ ಬಹಳ ಮೇಲೆ ಹಾರಬಹುದು. ಗೋಡೆಯ ಪ್ಲಗ್‌ಗೆ ಹಾಕುವ ವಾಟ್ ಮೀಟರ್‌ನಲ್ಲಿ ಇದು ಕಾಣುವುದಿಲ್ಲ, ಅದು ತೋರಿಸುವುದು ಸರಾಸರಿಯನ್ನು. ಸ್ಟ್ರೆಸ್ ಟೆಸ್ಟ್‌ನಲ್ಲೂ ಇದು ಅಷ್ಟಾಗಿ ಬರುವುದಿಲ್ಲ, ಯಾಕೆಂದರೆ ಅಲ್ಲಿ ಭಾರ ಒಂದೇ ಸಮನಾಗಿರುತ್ತದೆ. ನನ್ನ ಸಪ್ಲೈ ಸಮನಾದ ಭಾರವನ್ನು ಹೊತ್ತಿತು, ಜಿಗಿತವನ್ನು ತಡೆಯಲಿಲ್ಲ. ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಯಿತು. ಅಷ್ಟರ ಮಟ್ಟಿಗೆ ಅದು ಒಳ್ಳೆಯ ಕೆಲಸವನ್ನೇ ಮಾಡಿತು. ಆಫ್ ಆಗದೆ ವೋಲ್ಟೇಜ್ ಹೆಚ್ಚು ಕಡಿಮೆ ಮಾಡಿಕೊಂಡು ಎಳೆದಾಡಿದ್ದರೆ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿತ್ತು.

ಈಗ ಆ 600ರ ವಿಷಯಕ್ಕೆ ಬರೋಣ. ಅಷ್ಟೂ ವಾಟ್ ಎಲ್ಲಿ ಹೋಯಿತು?

ಪ್ರತಿ ಪವರ್ ಸಪ್ಲೈನ ಮೈಮೇಲೆ ಒಂದು ಸ್ಟಿಕರ್ ಇರುತ್ತದೆ, ಅದರಲ್ಲೊಂದು ಕೋಷ್ಟಕ. 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್, ಮೈನಸ್ 12 ವೋಲ್ಟ್, 5 ವೋಲ್ಟ್ ಸ್ಟ್ಯಾಂಡ್‌ಬೈ ಅಂತ ಕಾಲಂಗಳು. ಪ್ರತಿಯೊಂದರ ಕೆಳಗೆ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ಇವತ್ತಿನ ಗೇಮಿಂಗ್ ಕಂಪ್ಯೂಟರ್‌ನಲ್ಲಿ ಹಸಿವು ಜಾಸ್ತಿ ಇರುವುದು ಪ್ರೊಸೆಸರ್‌ಗೆ ಮತ್ತು ಗ್ರಾಫಿಕ್ಸ್ ಕಾರ್ಡ್‌ಗೆ. ಎರಡೂ ಉಣ್ಣುವುದು 12 ವೋಲ್ಟ್ ಸಾಲಿನಿಂದ. ಎಸ್‌ಎಸ್‌ಡಿ, ಯುಎಸ್‌ಬಿ ಇಂಥ ಸಣ್ಣಪುಟ್ಟವು ಮಾತ್ರ 5 ಮತ್ತು 3.3ರ ಮೇಲೆ. ಹಾಗಾಗಿ ನೀವು ನೋಡಬೇಕಾದ ಅಂಕಿ 12 ವೋಲ್ಟ್ ಕಾಲಂನ ಆಂಪಿಯರ್. ಅದನ್ನು 12ರಿಂದ ಗುಣಿಸಿ. ಅದೇ ನಿಮ್ಮ ನಿಜವಾದ ವಾಟ್.

ಒಂದು ಒಳ್ಳೆಯ 650 ವಾಟ್ ಸಪ್ಲೈನ ಸ್ಟಿಕರ್‌ನಲ್ಲಿ 12 ವೋಲ್ಟ್ ಕೆಳಗೆ 54 ಆಂಪಿಯರ್ ಅಂತ ಇರುತ್ತದೆ. 12 ಗುಣಿಸು 54, ಅಂದರೆ 648 ವಾಟ್. ಬರೆದ 650ರಲ್ಲಿ ಹೆಚ್ಚು ಕಡಿಮೆ ಪೂರ್ತಿ 12 ವೋಲ್ಟ್‌ನಲ್ಲೇ ಸಿಗುತ್ತದೆ. ನನ್ನದರಲ್ಲಿ 12 ವೋಲ್ಟ್ ಎರಡು ಕಾಲಂ ಆಗಿ ಒಡೆದಿತ್ತು, ಒಂದರಲ್ಲಿ 17, ಇನ್ನೊಂದರಲ್ಲಿ 18. ಕೂಡಿದರೆ 35 ಆಂಪಿಯರ್, 420 ವಾಟ್ ಅನ್ನಿಸುತ್ತದೆ. ಆದರೆ ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ ಎರಡೂ ಸೇರಿ ಗರಿಷ್ಠ 384 ವಾಟ್ ಅಂತ ಇತ್ತು. ಮಿಕ್ಕಿದ್ದೆಲ್ಲ ಯಾರೂ ಅಷ್ಟಾಗಿ ಬಳಸದ 5 ಮತ್ತು 3.3ರ ಮೇಲೆ ಹಂಚಿತ್ತು. 350 ವಾಟ್ ಬೇಕಿದ್ದ ಕಂಪ್ಯೂಟರ್‌ಗೆ 384. ಜಿಗಿತಕ್ಕೆ ಉಳಿದಿದ್ದ ಜಾಗ 34 ವಾಟ್. ಸ್ಟಿಕರ್ ಮೊದಲ ದಿನವೇ ನನ್ನ ಕೈಯಲ್ಲಿತ್ತು. ನಾನು ಓದಿರಲಿಲ್ಲ, ಅಷ್ಟೇ.

ಅಂಗಡಿಯಲ್ಲಿ ಡಬ್ಬ ತೆಗೆಸಿ, ಇಲ್ಲವೇ ಆನ್‌ಲೈನ್‌ನಲ್ಲಿ ಆ ಸ್ಟಿಕರ್‌ನ ಫೋಟೋ ಹುಡುಕಿ, ಈ ಒಂದು ಗುಣಾಕಾರ ಮಾಡಿ. ಫೋಟೋ ಎಲ್ಲೂ ಸಿಗದ ಮಾಡೆಲ್ ಆದರೆ ನಾನು ಅದನ್ನು ಪಟ್ಟಿಯಿಂದಲೇ ತೆಗೆಯುತ್ತೇನೆ.

ಹಾಗಾದರೆ ಎಷ್ಟು ವಾಟ್ ತೆಗೆದುಕೊಳ್ಳಬೇಕು? ಲೆಕ್ಕ ಕಷ್ಟದ್ದಲ್ಲ. ಪ್ರೊಸೆಸರ್‌ನದು ಮೊದಲು. ಇಲ್ಲಿ ಒಂದು ಎಚ್ಚರ ಬೇಕು. ಡಬ್ಬದ ಮೇಲಿನ ಟಿಡಿಪಿ ಅಂಕಿಯನ್ನು, ಅಂದರೆ ಕಂಪನಿ ಬರೆಯುವ ಮಾಮೂಲಿ ವಾಟ್ ಲೆಕ್ಕವನ್ನು, ಹಾಗೇ ಹಿಡಿದುಕೊಳ್ಳಬೇಡಿ. ಎಎಂಡಿಯ 65 ವಾಟ್ ಅಂತ ಬರೆದ ರೈಜೆನ್ 5 7600 ಪೂರ್ತಿ ಕೆಲಸದಲ್ಲಿ 88 ವಾಟ್ ತನಕ ಹೋಗಬಲ್ಲದು. ಇಂಟೆಲ್‌ನ ಐ9 14900ಕೆ ಅನ್ನುವುದರ ಬೇಸ್ ಪವರ್ 125 ವಾಟ್, ವೇಗ ಏರಿಸಿಕೊಂಡು ಓಡುವ ಟರ್ಬೊದಲ್ಲಿ 253. ಎರಡಕ್ಕೂ ದೊಡ್ಡ ಅಂಕಿಯನ್ನೇ ಬರೆದುಕೊಳ್ಳಿ. ಆಮೇಲೆ ಗ್ರಾಫಿಕ್ಸ್ ಕಾರ್ಡ್. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ 60-70 ವಾಟ್ ಇಟ್ಟುಕೊಂಡರೆ ಸಾಕು. ರೈಜೆನ್ 5 7600 ಜೊತೆ ಎನ್ವಿಡಿಯಾದ ಆರ್‌ಟಿಎಕ್ಸ್ 4070 ಅಂತ ಇಟ್ಟುಕೊಳ್ಳಿ. ಆ ಕಾರ್ಡ್ 200 ವಾಟ್. 88, 200, 70, ಕೂಡಿದರೆ 358. ಇದಕ್ಕೆ ಎನ್ವಿಡಿಯಾ ಹೇಳುವುದು 650 ವಾಟ್ ಸಪ್ಲೈ.

358 ಎಲ್ಲಿ, 650 ಎಲ್ಲಿ! ಮೊದಲ ಸಲ ನೋಡಿದವರಿಗೆ ಇದು ಸುಮ್ನೆ ಜಾಸ್ತಿ ಮಾರುವ ದಾರಿ ಅನ್ನಿಸುತ್ತದೆ. ಪೂರ್ತಿ ಹಾಗಲ್ಲ. ಕಾರ್ಡ್ ಮಾಡಿದವರಿಗೆ ನಿಮ್ಮ ಪ್ರೊಸೆಸರ್ ಯಾವುದು, ಸಪ್ಲೈ ಎಂಥದ್ದು ಅಂತ ಗೊತ್ತಿಲ್ಲ. ಯಾರೋ ಒಬ್ಬರು ಅದೇ ಕಾರ್ಡನ್ನು 253 ವಾಟ್ ಎಳೆಯುವ ಪ್ರೊಸೆಸರ್ ಜೊತೆ ಹಾಕುತ್ತಾರೆ. ಇನ್ನೊಬ್ಬರ ಸಪ್ಲೈ ನನ್ನದರ ಹಾಗಿರುತ್ತದೆ. ಅವರೆಲ್ಲರಿಗೂ ಸೇರಿಸಿ ಒಂದು ಅಂಕಿ ಹೇಳಬೇಕು. ನಾನು ಲೆಕ್ಕ ಹಾಕುವಾಗ ಕೂಡಿ ಬಂದ ಮೊತ್ತಕ್ಕೆ ಅದರ ಅರ್ಧದಷ್ಟು ಸೇರಿಸುತ್ತೇನೆ. 358ಕ್ಕೆ 179 ಸೇರಿಸಿದರೆ 537. ಒಳ್ಳೆಯ 550 ಆದರೆ ನಡೆಯುತ್ತದೆ, 650 ಆದರೆ ಮುಂದೆ ಕಾರ್ಡ್ ಬದಲಿಸುವಾಗಲೂ ಚಿಂತೆ ಇರುವುದಿಲ್ಲ. ಮೊದಲ ಕಂಪ್ಯೂಟರ್‌ಗೆ ನಾನು 650ನ್ನೇ ಹೇಳುತ್ತೇನೆ.

ಆದರೆ ಅದೇ ಕಂಪ್ಯೂಟರ್‌ಗೆ 1000 ವಾಟ್ ಬೇಡ. ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ದೊಡ್ಡ ಸಪ್ಲೈ ಹಾಕಿದರೆ ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಅನ್ನುವುದು ತಪ್ಪು ಕಲ್ಪನೆ. ಕಂಪ್ಯೂಟರ್‌ಗೆ ಎಷ್ಟು ಬೇಕೋ ಅಷ್ಟೇ ಎಳೆಯುವುದು. ಆದರೆ ಆ ದುಡ್ಡಿನಲ್ಲಿ 650ರಲ್ಲೇ ಇನ್ನೂ ಒಳ್ಳೆಯದು ಬರುತ್ತಿತ್ತು. ಕಳಪೆ 850ಕ್ಕಿಂತ ಒಳ್ಳೆಯ 650 ಎಷ್ಟೋ ಮೇಲು. ಇದನ್ನು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಜಿಗಿತದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಈಗ ಅದಕ್ಕೆಂದೇ ನಿಯಮ ಬಂದಿದೆ. ಎಟಿಎಕ್ಸ್ ಅನ್ನುವುದು ಇಂಟೆಲ್ 1995ರಲ್ಲಿ ತಂದ ಮಾದರಿ. ಸಪ್ಲೈನ ಅಳತೆ, ಕನೆಕ್ಟರ್, ವೋಲ್ಟೇಜ್ ಎಲ್ಲ ಅದರ ಪ್ರಕಾರ. 12 ವೋಲ್ಟ್ ಅಂದರೆ ಅದು 5 ಶೇಕಡಾದಷ್ಟು ಮಾತ್ರ ಆಚೀಚೆ ಹೋಗಬಹುದು, ಅಂದರೆ 11.4ರಿಂದ 12.6ರ ಒಳಗೆ ಇರಬೇಕು, ಈ ಥರದ್ದೆಲ್ಲ ಅದರಲ್ಲಿತ್ತು. ಗ್ರಾಫಿಕ್ಸ್ ಕಾರ್ಡ್‌ಗಳ ಜಿಗಿತ ದೊಡ್ಡದಾಗುತ್ತಾ ಹೋದ ಮೇಲೆ 2022ರಲ್ಲಿ ಎಟಿಎಕ್ಸ್ 3.0 ಬಂತು. ಗ್ರಾಫಿಕ್ಸ್ ಕಾರ್ಡ್‌ಗೆ ಹೊಸ 16 ಪಿನ್ ಕನೆಕ್ಟರ್ ಇರುವ, 450 ವಾಟ್‌ಗಿಂತ ದೊಡ್ಡ ಸಪ್ಲೈ ತನ್ನ ಮೇಲೆ ಬರೆದ ವಾಟ್‌ನ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ಕಾಲ ತಡೆದುಕೊಳ್ಳಬೇಕು ಅಂತ ಅದು ಹೇಳಿತು. ನನಗೆ ಆಗ ಬೇಕಾಗಿದ್ದದ್ದು ಇದೇ. ಹಾಗಾಗಿ ಹೊಸದಾಗಿ ಕೊಳ್ಳುವವರಿಗೆ ನನ್ನ ಮೊದಲ ಮಾತು: ಎಟಿಎಕ್ಸ್ 3.0 ಅಥವಾ ಅದರ ನಂತರದ 3.1 ಅಂತ ಬರೆದಿರುವುದನ್ನೇ ನೋಡಿ. ಹಳೆ ಮಾದರಿಯದ್ದರಲ್ಲೂ ಬಹಳ ಗಟ್ಟಿಯಾದವು ಇವೆ, ಆದರೆ ಯಾವುದು ಗಟ್ಟಿ ಅಂತ ತಿಳಿಯಲು ಆಳವಾದ ರಿವ್ಯೂ ಓದಬೇಕಾಗುತ್ತದೆ.

ಆ 16 ಪಿನ್ ಕನೆಕ್ಟರ್ ಬಗ್ಗೆ ನಿಧಾನವಾಗಿ ಹೇಳಬೇಕು, ಇಲ್ಲಿ ತಪ್ಪಾದರೆ ಪ್ಲಾಸ್ಟಿಕ್ ಕರಗುತ್ತದೆ. ಮೊದಲು ಹಳೆಯದು. ಮದರ್‌ಬೋರ್ಡ್‌ನ ಸ್ಲಾಟ್ ಕಾರ್ಡ್‌ಗೆ 75 ವಾಟ್ ಕೊಡುತ್ತದೆ. 6 ಪಿನ್ ಕೇಬಲ್ ಇನ್ನೊಂದು 75, 8 ಪಿನ್ ಕೇಬಲ್ 150. ದೊಡ್ಡ ಕಾರ್ಡ್‌ಗೆ ಮೂರು ಮೂರು 8 ಪಿನ್ ಕೇಬಲ್ ಬೇಕಾಗುತ್ತಿತ್ತು. ಅದರ ಬದಲು ಒಂದೇ ಸಣ್ಣ ಕನೆಕ್ಟರ್‌ನಲ್ಲಿ 600 ವಾಟ್ ತನಕ ಕೊಡುವ ಹಾಗೆ ಹೊಸದು ಮಾಡಿದರು. ಲೆಕ್ಕ ನೋಡಿ. 600 ವಾಟ್ ಅನ್ನು 12ರಿಂದ ಭಾಗಿಸಿದರೆ 50 ಆಂಪಿಯರ್. 16 ಪಿನ್‌ನಲ್ಲಿ 12 ವೋಲ್ಟ್ ಹೊರುವುದು ಆರು, ವಾಪಸ್ ಬರುವುದಕ್ಕೆ ಆರು, ಉಳಿದ ನಾಲ್ಕು ಸಣ್ಣವು ಬರೀ ಸಂಕೇತಕ್ಕೆ. ಒಂದೊಂದು ಪಿನ್ ಮೇಲೂ 8 ಆಂಪಿಯರ್‌ಗಿಂತ ಜಾಸ್ತಿ ಬೀಳುತ್ತದೆ. ಆರರಲ್ಲಿ ಎರಡು ಸರಿಯಾಗಿ ತಾಗದಿದ್ದರೆ ಅವುಗಳ ಪಾಲನ್ನು ಉಳಿದ ನಾಲ್ಕು ಹೊರಬೇಕು, ಬಿಸಿಯಾಗುತ್ತವೆ. 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಕನೆಕ್ಟರ್ ಕರಗಿದ ಫೋಟೋಗಳು ಬಂದವಲ್ಲ, ಅದು ಇದೇ. ಪೂರ್ತಿ ಒಳಗೆ ಕೂರದೆ ಇದ್ದದ್ದು ಅದರಲ್ಲಿ ಕಂಡ ಸಾಮಾನ್ಯ ಕಾರಣ ಅಂತ ಎನ್ವಿಡಿಯಾ ಹೇಳಿತು. ಮರುವರ್ಷ ಕನೆಕ್ಟರನ್ನೇ ತಿದ್ದಿದರು. 12ವಿ-2x6 ಅಂತ ಅದರ ಹೆಸರು. ಸಂಕೇತದ ಸಣ್ಣ ಪಿನ್‌ಗಳನ್ನು ಗಿಡ್ಡ ಮಾಡಿದರು. ಈಗ ಕನೆಕ್ಟರ್ ಪೂರ್ತಿ ಒಳಗೆ ಹೋಗದಿದ್ದರೆ ಆ ಗಿಡ್ಡ ಪಿನ್‌ಗಳು ತಾಗುವುದಿಲ್ಲ, ಅವು ತಾಗದಿದ್ದರೆ ಕಾರ್ಡ್ ಭಾರ ಎಳೆಯುವುದಿಲ್ಲ.

ಹಾಕುವಾಗ ಹೀಗೆ ಮಾಡಿ. ಕಾರ್ಡನ್ನು ಕ್ಯಾಬಿನೆಟ್‌ಗೆ ಕೂರಿಸುವ ಮೊದಲು, ಕೈಯಲ್ಲೇ ಹಿಡಿದುಕೊಂಡು ಒಮ್ಮೆ ಕೇಬಲ್ ಹಾಕಿ ತೆಗೆದು ಅಭ್ಯಾಸ ಮಾಡಿ. ಎಷ್ಟು ಒತ್ತಬೇಕು ಅಂತ ಬೆರಳಿಗೆ ಗೊತ್ತಾಗುತ್ತದೆ, ಮೊದಲ ಸಲ ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಬೇಕು. ಕ್ಲಿಕ್ ಶಬ್ದ ಕೆಲವು ಕೇಬಲ್‌ಗಳಲ್ಲಿ ಕೇಳುವುದೇ ಇಲ್ಲ, ಅದನ್ನು ನಂಬಿ ಕೂರಬೇಡಿ. ಟಾರ್ಚ್ ಬಿಟ್ಟು ಪಕ್ಕದಿಂದ ನೋಡಿ, ಕನೆಕ್ಟರ್ ಮತ್ತು ಸಾಕೆಟ್ ನಡುವೆ ಸಂದು ಕಾಣಬಾರದು. ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದರೆ ಬರಬಾರದು. ವೈರ್ ಕನೆಕ್ಟರ್‌ನಿಂದ ಹೊರಬಂದ ಕೂಡಲೇ ಬಗ್ಗಿಸಬೇಡಿ, ಮೂರು ನಾಲ್ಕು ಸೆಂಟಿಮೀಟರ್ ನೇರ ಬಿಟ್ಟು ಆಮೇಲೆ ತಿರುಗಿಸಿ. ಕ್ಯಾಬಿನೆಟ್‌ನ ಗಾಜು ಅದನ್ನು ಒತ್ತುತ್ತಿದ್ದರೆ ಆ ಕ್ಯಾಬಿನೆಟ್ ಆ ಕಾರ್ಡ್‌ಗೆ ಸಾಲದು ಅಂತ ಅರ್ಥ. 8 ಪಿನ್ ಇರುವ ಕಾರ್ಡ್ ಆದರೆ ಇಷ್ಟು ತಲೆಬಿಸಿ ಇಲ್ಲ, ಆದರೆ ಎರಡು ಸಾಕೆಟ್ ಇದ್ದರೆ ಸಪ್ಲೈನಿಂದ ಎರಡು ಬೇರೆ ಬೇರೆ ಕೇಬಲ್ ಎಳೆಯಿರಿ. ಒಂದೇ ಕೇಬಲ್‌ನ ತುದಿಯಲ್ಲಿ ಎರಡು ಕವಲು ಇರುವುದನ್ನು ದೊಡ್ಡ ಕಾರ್ಡ್‌ಗೆ ಬಳಸಬೇಡಿ.

ಈಗ ಸಪ್ಲೈ ಡಬ್ಬದ ಮೇಲೆ ಕಾಣುವ ಬಣ್ಣದ ಪಟ್ಟಿ. ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಟೈಟಾನಿಯಂ. 80 ಪ್ಲಸ್ ಅಂತ ಇದರ ಹೆಸರು, 2004ರಲ್ಲಿ ಶುರುವಾದದ್ದು. ಇದನ್ನು ಗುಣಮಟ್ಟದ ಮಾರ್ಕ್ಸ್ ಕಾರ್ಡ್ ಅಂತ ಜನ ತಿಳಿದಿದ್ದಾರೆ. ಅಲ್ಲ. ಇದು ಅಳೆಯುವುದು ಗೋಡೆಯಿಂದ ಎಳೆದ ಕರೆಂಟ್‌ನಲ್ಲಿ ಎಷ್ಟು ಪಾಲು ಕಂಪ್ಯೂಟರ್‌ಗೆ ತಲುಪಿತು, ಎಷ್ಟು ಬಿಸಿಯಾಗಿ ಹೋಯಿತು ಅನ್ನುವುದನ್ನು. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಭಾರ ಹಾಕಿದಾಗ ಬ್ರಾಂಜ್‌ಗೆ 85 ಶೇಕಡಾ ಬೇಕು, ಗೋಲ್ಡ್‌ಗೆ 90. ಕಂಪ್ಯೂಟರ್ 400 ವಾಟ್ ತಿನ್ನುತ್ತಿದ್ದರೆ ಗೋಲ್ಡ್ ಸಪ್ಲೈ ಗೋಡೆಯಿಂದ ಸುಮಾರು 444 ಎಳೆಯುತ್ತದೆ, ಬ್ರಾಂಜ್ ಸುಮಾರು 470. ವ್ಯತ್ಯಾಸ 26 ವಾಟ್. ಆ 26 ವಾಟ್ ಬಿಲ್‌ನಲ್ಲಿ ಅಷ್ಟೇನೂ ಕಾಣುವುದಿಲ್ಲ, ಆದರೆ ಅದು ಬಿಸಿಯಾಗಿ ಸಪ್ಲೈ ಒಳಗೇ ಉಳಿಯುತ್ತದೆ, ಅದಕ್ಕೆ ಫ್ಯಾನ್ ಜೋರಾಗಿ ತಿರುಗಬೇಕು. ನನ್ನ ಮಟ್ಟಿಗೆ ಗೋಲ್ಡ್‌ನ ಲಾಭ ಇದು, ಸದ್ದು ಕಡಿಮೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. 650 ವಾಟ್ ಸಪ್ಲೈ 80 ಶೇಕಡಾ ಅಂದರೆ 520 ವಾಟ್ ಮಾತ್ರ ಸಿಗುತ್ತದೆ ಅಂತ ಕೆಲವರು ಲೆಕ್ಕ ಹಾಕುತ್ತಾರೆ. ಹಾಗಲ್ಲ. 650 ಅನ್ನುವುದು ಕೊಡುವ ಲೆಕ್ಕ. ಎಳೆಯುವುದು ಅದಕ್ಕಿಂತ ಜಾಸ್ತಿ.

80 ಪ್ಲಸ್ ಪರೀಕ್ಷೆ ನಡೆಯುವುದು 23 ಡಿಗ್ರಿಯ ತಂಪಿನಲ್ಲಿ. ನಿಮ್ಮ ಸಪ್ಲೈ ಇರುವುದು ಬಿಸಿ ಕ್ಯಾಬಿನೆಟ್ ಒಳಗೆ. ಹಾಗಾಗಿ ನಾನು ಬಣ್ಣಕ್ಕಿಂತ ಜಾಸ್ತಿ ಇನ್ನೊಂದು ಸಾಲನ್ನು ನೋಡುತ್ತೇನೆ: ಪೂರ್ತಿ ವಾಟ್ ಎಷ್ಟು ಡಿಗ್ರಿಯಲ್ಲಿ ಕೊಡುತ್ತದೆ ಅನ್ನುವುದು. 50 ಡಿಗ್ರಿ ಅಂತ ಬರೆದಿದ್ದರೆ ಒಳ್ಳೆಯದು. ಒಳಗೆ ಕರೆಂಟ್ ಸ್ವಲ್ಪ ಹಿಡಿದಿಟ್ಟುಕೊಂಡು ಬಿಡುವ ಕೆಪಾಸಿಟರ್ 105 ಡಿಗ್ರಿಯದ್ದಾಗಿರಲಿ, 85ರದ್ದು ಬೇಡ. ಬಿಸಿ 10 ಡಿಗ್ರಿ ಇಳಿದರೆ ಈ ಕೆಪಾಸಿಟರ್‌ಗಳ ಆಯಸ್ಸು ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರ ರೂಢಿಯ ಲೆಕ್ಕ. ಒಳಗೆ ರಕ್ಷಣೆ ಏನೇನಿದೆ ಅಂತಲೂ ನೋಡಿ. ವೋಲ್ಟೇಜ್ ಏರಿದರೆ, ಇಳಿದರೆ, ಆಂಪಿಯರ್ ಮೀರಿದರೆ, ಶಾರ್ಟ್ ಆದರೆ, ಬಿಸಿ ಮೀರಿದರೆ, ಒಟ್ಟು ವಾಟ್ ಮೀರಿದರೆ ತಾನೇ ಆಫ್ ಆಗಬೇಕು. ಅಗ್ಗದವುಗಳಲ್ಲಿ ಬಿಸಿಯ ರಕ್ಷಣೆ ಬಿಟ್ಟುಹೋಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ವಾರಂಟಿ ಕೂಡ ಒಂದು ಸುಳಿವು. ಕಂಪನಿ ಏಳು ವರ್ಷ, ಹತ್ತು ವರ್ಷ ವಾರಂಟಿ ಕೊಡುತ್ತಿದೆ ಅಂದರೆ ಅದು ಅಷ್ಟು ಕಾಲ ಬಾಳುತ್ತದೆ ಅಂತ ಅವರೇ ಲೆಕ್ಕ ಹಾಕಿದ್ದಾರೆ.

ಒಂದೇ ಬ್ರ್ಯಾಂಡ್‌ನ ಎಲ್ಲ ಮಾಡೆಲ್‌ಗಳೂ ಒಂದೇ ಥರ ಇರುವುದಿಲ್ಲ ಅನ್ನುವುದು ನೆನಪಿರಲಿ. ಬಹಳಷ್ಟು ಬ್ರ್ಯಾಂಡ್‌ಗಳು ತಾವೇ ಮಾಡುವುದಿಲ್ಲ, ಬೇರೆ ಕಾರ್ಖಾನೆಗಳಿಂದ ಮಾಡಿಸಿ ತಮ್ಮ ಹೆಸರು ಹಾಕುತ್ತವೆ. ಒಂದು ಸರಣಿ ಅದ್ಭುತ, ಇನ್ನೊಂದು ಸಾಧಾರಣ. ಹೆಸರು ಕೇಳಿ ಕೊಳ್ಳಬೇಡಿ, ಮಾಡೆಲ್ ನೋಡಿ ಕೊಳ್ಳಿ. ಬರೀ ಡಬ್ಬ ಬಿಚ್ಚಿ ತೋರಿಸುವ ರಿವ್ಯೂ ಬೇಡ. ಭಾರ ಹಾಕಿ ವೋಲ್ಟೇಜ್ ಅಳೆದು, ಒಳಗೆ ಬಿಚ್ಚಿ ತೋರಿಸಿದ ರಿವ್ಯೂ ಹುಡುಕಿ. ಹಾಗಂತ ನೀವು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಜೀವಕ್ಕೆ ಅಪಾಯ ಮಾಡುವಷ್ಟು ವೋಲ್ಟೇಜ್ ಉಳಿದಿರಬಹುದು.

ಕ್ಯಾಬಿನೆಟ್‌ಗೆ ಮಿಂಚುವ ಲೈಟು, ಫ್ಯಾನ್‌ಗೆ ಮಿಂಚುವ ಲೈಟು, ರ‍್ಯಾಮ್‌ಗೂ ಲೈಟು ಹಾಕಿಸಿ, ಸಪ್ಲೈ ಮಾತ್ರ ಯಾವುದೋ ಒಂದು ಅನ್ನುವ ಪಟ್ಟಿಗಳನ್ನು ನಾನು ತುಂಬಾ ನೋಡುತ್ತೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ದಯವಿಟ್ಟು ಆ ಲೈಟಿನ ದುಡ್ಡನ್ನು ಇಲ್ಲಿ ಹಾಕಿ. ಲೈಟನ್ನು ಮುಂದಿನ ವರ್ಷ ಹಾಕಿಸಿಕೊಳ್ಳಬಹುದು.

ಅಳತೆ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮಾಮೂಲಿ ಎಟಿಎಕ್ಸ್ ಸಪ್ಲೈ 150 ಮಿಲಿಮೀಟರ್ ಅಗಲ, 86 ಎತ್ತರ. ಉದ್ದ ಮಾತ್ರ 140ರಿಂದ ಮೇಲಕ್ಕೆ ಬೇರೆ ಬೇರೆ. ಸಣ್ಣ ಕ್ಯಾಬಿನೆಟ್‌ಗಳಿಗೆ ಎಸ್‌ಎಫ್‌ಎಕ್ಸ್ ಅನ್ನುವ ಪುಟ್ಟದು ಬೇಕಾಗುತ್ತದೆ. ಕ್ಯಾಬಿನೆಟ್‌ನ ವಿವರದಲ್ಲಿ ಸಪ್ಲೈ ಉದ್ದ ಎಷ್ಟಿರಬಹುದು ಅಂತ ಬರೆದಿರುತ್ತದೆ, ನೋಡಿಕೊಳ್ಳಿ. ಮದರ್‌ಬೋರ್ಡ್‌ಗೆ 24 ಪಿನ್, ಪ್ರೊಸೆಸರ್‌ಗೆ 8 ಪಿನ್. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್‌ಗೇ ಎರಡು ಸಾಕೆಟ್ ಇರುತ್ತವೆ, ಸಾಧಾರಣ ಪ್ರೊಸೆಸರ್‌ಗೆ ಒಂದೇ ಸಾಕು.

ಮಾಡ್ಯುಲರ್ ಅಂದರೆ ಬೇಕಾದ ಕೇಬಲ್ ಮಾತ್ರ ಸಿಕ್ಕಿಸಿಕೊಳ್ಳುವುದು. ಜೋಡಿಸುವಾಗ ಕೈಗೆ ಹಾಯಾಗಿರುತ್ತದೆ. ಆದರೆ ಇದರಲ್ಲೊಂದು ದೊಡ್ಡ ಅಪಾಯ ಇದೆ, ಇದನ್ನು ಗಟ್ಟಿಯಾಗಿ ಹೇಳಬೇಕು. ಕೇಬಲ್‌ನ ಕಂಪ್ಯೂಟರ್ ಕಡೆಯ ತುದಿ ಎಲ್ಲ ಕಡೆ ಒಂದೇ. ಸಪ್ಲೈ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಒಂದು ಕಂಪನಿ 12 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಂದು ಕಂಪನಿ 5 ವೋಲ್ಟ್ ಇಟ್ಟಿರಬಹುದು. ಒಂದೇ ಕಂಪನಿಯ ಎರಡು ಸರಣಿಗಳಲ್ಲೂ ಬೇರೆ ಬೇರೆ ಇರಬಹುದು. ಆಕಾರ ಒಂದೇ, ಸಲೀಸಾಗಿ ಒಳಗೆ ಹೋಗುತ್ತದೆ. ನನ್ನ ಗೆಳೆಯನೊಬ್ಬ ಸಪ್ಲೈ ಬದಲಿಸುವಾಗ ಹಾರ್ಡ್ ಡಿಸ್ಕ್‌ಗೆ ಕರೆಂಟ್ ಕೊಡುವ ಹಳೆ ಸಾಟಾ ಕೇಬಲ್ ಚೆನ್ನಾಗಿ ಕಟ್ಟಿದೆ, ಅದನ್ನು ಯಾಕೆ ಬಿಚ್ಚಬೇಕು ಅಂತ ಹಾಗೇ ಬಿಟ್ಟು ಹೊಸ ಸಪ್ಲೈಗೆ ಸಿಕ್ಕಿಸಿದ. ಬಟನ್ ಒತ್ತಿದ ಮರುಕ್ಷಣವೇ ಸುಟ್ಟ ವಾಸನೆ. ಎರಡು ಹಾರ್ಡ್ ಡಿಸ್ಕ್ ಹೋದವು. ಒಂದರಲ್ಲಿ ಅವನ ಮಗಳ ಎರಡು ವರ್ಷದ ಫೋಟೋಗಳಿದ್ದವು. ಸಪ್ಲೈ ಬದಲಿಸಿದರೆ ಅದರ ಎಲ್ಲ ಕೇಬಲ್‌ಗಳನ್ನೂ ಬದಲಿಸಿ. ಹಳೆಯ ಕೇಬಲ್‌ಗಳನ್ನು ಅದರದೇ ಡಬ್ಬದಲ್ಲಿ ಹಾಕಿ ಮೇಲೆ ಮಾಡೆಲ್ ಹೆಸರು ಬರೆದಿಡಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಬೇರೆಯವರಿಗೂ ಬೇಕಾಗಬಹುದಾದ ಮೂರನ್ನು ಇಲ್ಲಿ ಹಾಕುತ್ತೇನೆ.

ಮನೆಯಲ್ಲಿ ಯುಪಿಎಸ್ ಇದೆ, 1000 ವಿಎ ಅಂತ ಬರೆದಿದೆ, 650 ವಾಟ್ ಸಪ್ಲೈಗೆ ಸಾಕಾ ಅಂತ ಒಬ್ಬರು ಕೇಳಿದರು. ವಿಎ ಬೇರೆ, ವಾಟ್ ಬೇರೆ. 1000 ವಿಎ ಯುಪಿಎಸ್‌ನ ಹಿಂದೆ 600 ವಾಟ್ ಅಂತ ಸಣ್ಣದಾಗಿ ಬರೆದಿರುವುದು ಸಾಮಾನ್ಯ. ನೋಡಬೇಕಾದದ್ದು ಅದನ್ನು, ಹೋಲಿಸಬೇಕಾದದ್ದು ಕಂಪ್ಯೂಟರ್ ನಿಜವಾಗಿ ಎಳೆಯುವುದರ ಜೊತೆ. ಇವತ್ತಿನ ಒಳ್ಳೆಯ ಸಪ್ಲೈಗಳಲ್ಲಿ ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ಆಕ್ಟಿವ್ ಪಿಎಫ್‌ಸಿ ಅನ್ನುವ ಸರ್ಕ್ಯೂಟ್ ಇರುತ್ತದೆ. ಕೆಲವು ಅಗ್ಗದ ಯುಪಿಎಸ್‌ಗಳು ಬ್ಯಾಟರಿಗೆ ಹೋದಾಗ ಕೊಡುವ ಒರಟು ಅಲೆ ಅದಕ್ಕೆ ಹೊಂದದೆ ಕಂಪ್ಯೂಟರ್ ಆಫ್ ಆಗಬಹುದು. ಗೋಡೆಯ ಕರೆಂಟಿನ ಹಾಗೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಯುಪಿಎಸ್ ಆದರೆ ಈ ತೊಂದರೆ ಇಲ್ಲ. ಈಗಿರುವುದನ್ನೇ ಬಳಸುವುದಾದರೆ, ಮುಖ್ಯ ಕೆಲಸ ಏನೂ ತೆರೆಯದೆ ಇರುವಾಗ ಒಮ್ಮೆ ಮೇನ್ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿ.

ಇನ್ನೊಬ್ಬರು, ಅಕ್ಕನ ಹಳೆ ಕಂಪ್ಯೂಟರ್‌ನ ಸಪ್ಲೈ ಇದೆ, ಎಂಟು ವರ್ಷದ್ದು, ಒಳ್ಳೆಯ ಕಂಪನಿಯದ್ದೇ, ಹಾಕಬಹುದಾ ಅಂದರು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಆಫೀಸ್ ಕೆಲಸಕ್ಕೆ ಆದರೆ ಬಳಸಿ. ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ಬೇಡ. ವಾರಂಟಿ ಮುಗಿದಿರುತ್ತದೆ, ಕೆಪಾಸಿಟರ್ ಒಣಗುತ್ತಾ ಬಂದಿರುತ್ತದೆ, ಜಿಗಿತ ತಡೆಯುವ ಶಕ್ತಿ ಮೊದಲು ಕಡಿಮೆಯಾಗುವುದು ಅಲ್ಲೇ. ತೀರಾ ಹಳೆಯದಾದರೆ ಹಿಂದೆ 115, 230 ಅಂತ ಒಂದು ಕೆಂಪು ಸ್ವಿಚ್ ಕೂಡ ಇರುತ್ತದೆ. 230 ವೋಲ್ಟ್ ಬರುವ ಕಡೆ ಅದು 115ರಲ್ಲಿದ್ದರೆ ಪ್ಲಗ್ ಹಾಕಿದ ಕೂಡಲೇ ಸಿಡಿಯುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ, "ಸಾರ್, ನಿನ್ನೆ ಜೋಡಿಸಿದೆ, ಕಂಪ್ಯೂಟರ್ ಆನ್ ಆಗಿದೆ, ಆದರೆ ಎಸ್‌ಎಂಪಿಎಸ್ ಫ್ಯಾನ್ ತಿರುಗ್ತಾನೇ ಇಲ್ಲ. ಹಾಳಾಗಿದೆಯಾ?" ಮಾಡೆಲ್ ಕೇಳಿದೆ. ಝೀರೋ ಆರ್‌ಪಿಎಂ ಇರುವಂಥದ್ದು. ಭಾರ ಕಡಿಮೆ ಇರುವಾಗ ಫ್ಯಾನ್ ನಿಂತೇ ಇರುತ್ತದೆ, ಅದು ಹಾಗೇ ಇರಬೇಕಾದದ್ದು. ಮನೆಗೆ ಹೋಗಿ ಒಂದು ಭಾರಿ ಗೇಮ್ ಹಾಕಿ, ಹದಿನೈದು ನಿಮಿಷ ಆಡಿ, ಆಮೇಲೆ ಸಪ್ಲೈ ಹಿಂದೆ ಕೈ ಇಟ್ಟು ನೋಡು ಅಂದೆ. ರಾತ್ರಿ ಮೆಸೇಜ್ ಬಂತು: "ತಿರುಗ್ತಿದೆ ಸಾರ್, ಬೆಚ್ಚಗೆ ಗಾಳಿ ಬರ್ತಿದೆ."